4,29,49,67,297 ಅವಿಭಾಜ್ಯ ಸಂಖ್ಯೆಯೇ? ಇದರ ವಿಶೇಷವೇನು?

ಅವಿಭಾಜ್ಯ ಅಲ್ಲ. ಆದರೆ ಮೋಸ ಹೋಗೋದು ಸುಲಭ: 2, 3, 5, 7, 11, 13 ಯಾವುದಕ್ಕೂ ಇದು ಬಗ್ಗುವುದಿಲ್ಲ.

ಮೂವತ್ತೆರಡು 2ಗಳನ್ನು ಗುಣಿಸಿ 1 ಕೂಡಿಸಿದರೆ ಈ ಸಂಖ್ಯೆ ಬರುತ್ತದೆ. ಮೂವತ್ತೆರಡರ ಬದಲು 1, 2, 4, 8, 16 ಸಲ 2 ತೆಗೆದುಕೊಂಡರೆ ಬರುವ ಇದೇ ಜಾತಿಯ 3, 5, 17, 257, 65537 ಎಲ್ಲವೂ ಅವಿಭಾಜ್ಯಗಳೇ. ಹಾಗಾಗಿ ಮುಂದಿನವೂ ಅವಿಭಾಜ್ಯವೇ ಇರಬೇಕು ಅಂತ 17ನೇ ಶತಮಾನದಲ್ಲಿ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ 4,29,49,67,297 ಅನ್ನು ಒಡೆದು ತೋರಿಸಿದ:

641 × 67,00,417

ಈ ಎರಡೂ ಅವಿಭಾಜ್ಯಗಳು. ಅಂದರೆ 1 ಮತ್ತು ಆ ಸಂಖ್ಯೆಯೇ ಸೇರಿ ಭಾಜಕಗಳು ಒಟ್ಟು ನಾಲ್ಕೇ.

ಆಯ್ಲರ್ ಸುಮ್ನೆ ಸಿಕ್ಕಸಿಕ್ಕ ಸಂಖ್ಯೆಯಿಂದ ಭಾಗಿಸುತ್ತಾ ಕೂರಲಿಲ್ಲ. ಇದರ ಅವಿಭಾಜ್ಯ ಭಾಜಕವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು ಅಂತ ಕಂಡುಕೊಂಡ. ಆಗ ಪರೀಕ್ಷಿಸಬೇಕಾದವು 193, 257, 449, 577, 641... ಐದನೆಯದಕ್ಕೇ ಬಲೆಗೆ ಬಿತ್ತು! ನೂರಾರು ಭಾಗಾಕಾರದ ಕೆಲಸ ಐದಕ್ಕೆ ಇಳಿಯಿತು. ನನಗಂತೂ ಉತ್ತರಕ್ಕಿಂತ ಈ ಜಾಣತನವೇ ಜಾಸ್ತಿ ಇಷ್ಟ.

ಇನ್ನೊಂದು ಮಜಾ ಇದೆ. ಈ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ರೀತಿ ಬರೆಯಬಹುದು:

65536² + 1²
62264² + 20449²

ಅವಿಭಾಜ್ಯ ಸಂಖ್ಯೆಯನ್ನು ಹೀಗೆ ಒಂದಕ್ಕಿಂತ ಹೆಚ್ಚು ರೀತಿ ಬರೆಯಲು ಆಗುವುದೇ ಇಲ್ಲ. ಹಾಗಾಗಿ 641ರ ಸುದ್ದಿಯೇ ಎತ್ತದೆ, ಈ ಎರಡು ಸಾಲಿನಿಂದಲೂ ಇದು ಅವಿಭಾಜ್ಯ ಅಲ್ಲ ಅಂತ ಹೇಳಬಹುದು, ಅಲ್ವಾ?

ಅಂದ ಹಾಗೆ, ಕಂಪ್ಯೂಟರ್‌ನ 32 ಬಿಟ್‌ನಲ್ಲಿ (0 ಅಥವಾ 1 ಕೂರುವ 32 ಸ್ಥಾನಗಳಲ್ಲಿ) ಹಿಡಿಯುವ ಅತಿ ದೊಡ್ಡ ಪೂರ್ಣಸಂಖ್ಯೆ 4,29,49,67,295. ನಮ್ಮದು ಅದಕ್ಕಿಂತ ಬರೀ ಎರಡು ಜಾಸ್ತಿ. ಅಲ್ಲಿ ಇದನ್ನು ತುರುಕಿದರೆ, ಜಾಗ ಸಾಲದೆ ಮೊದಲ ಬಿಟ್ ಬಿದ್ದುಹೋಗಿ, ಉಳಿಯೋದು 1 ಮಾತ್ರ.