ಅಂಗಿ ಬಿಚ್ಚಲೊಲ್ಲದ ಹುಡುಗ

ಪ್ರಶ್ನೆ: ಅಕ್ಕಾ, ನಾವು ಕಾರವಾರದ ಬೈತಖೋಲದ ಮೀನುಗಾರರು. ಒಂಬತ್ತು ವರ್ಷದ ಮಗನಿಗೆ ಹುಟ್ಟುವಾಗಲೇ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿತ್ತು. ಹದಿನಾಲ್ಕು ತಿಂಗಳಿದ್ದಾಗ ಆಪರೇಷನ್ ಆಯಿತು. ಈ ಸಲದ ಎಕೋ (ಹೃದಯದ ಸ್ಕ್ಯಾನ್) ನೋಡಿಯೂ ತೊಂದರೆ ಏನಿಲ್ಲ ಎಂದಿದ್ದಾರೆ. ಆದರೂ ಕಡಲ ದಂಡೆಯಲ್ಲಿ ಹುಡುಗರ ಜೊತೆ ಓಡಲು ಬಿಡಲು ನನಗೆ ಧೈರ್ಯವಿಲ್ಲ. ಈಚೆಗೆ ರಾತ್ರಿ ಎದೆಯ ಮೇಲೆ ಕೈಯಿಟ್ಟುಕೊಂಡು, "ಆಯೀ, ಇದು ನಿಂತುಹೋಗುತ್ತದೆಯೇ?" ಎಂದು ಕೇಳುತ್ತಾನೆ. ಯಾರೆದುರೂ ಅಂಗಿ ಬಿಚ್ಚುವುದಿಲ್ಲ. ಏನು ಮಾಡಲಿ?

ಉತ್ತರ: ತಂಗೀ, ನಿನ್ನ ಪತ್ರ ಓದುತ್ತಿದ್ದಂತೆ ನನ್ನ ಕೈಯೂ ಎದೆಗೆ ಹೋಯಿತು. ಅಲ್ಲಿ ನಡುವೆ ಉದ್ದಕ್ಕೆ ಒಂದು ಗೆರೆ, ಅದರ ಕೆಳಗೆ ಕೊಳವೆ ಹಾಕಿದ್ದ ಎರಡು ದುಂಡನೆಯ ಕಲೆ. ನನಗೆ ಏಳು ವರ್ಷವಾಗಿದ್ದಾಗ ವೆಲ್ಲೂರಿನಲ್ಲಿ ಮೇಲಿನ ಕೋಣೆಗಳ ನಡುವಿನ ರಂಧ್ರ ಮುಚ್ಚಿದ್ದರು. ಊರಿಗೆ ಮರಳಿದ ಮೇಲೆ ನಾಲ್ಕು ವರ್ಷ, ಆಟದ ಅವಧಿಯಲ್ಲಿ ನೇರಳೆ ಮರದ ಬುಡದಲ್ಲಿ ಕುಳಿತು ಉಳಿದ ಮಕ್ಕಳ ಚಪ್ಪಲಿ ಕಾಯುವುದೇ ನನ್ನ ಕೆಲಸ. ರೋಗ ವಾಸಿಯಾಗಿದೆ ಎಂದು ನನಗೆ ಯಾರೂ ಹೇಳಲಿಲ್ಲ. ದೊಡ್ಡವರೇ ಇಷ್ಟು ಹೆದರಬೇಕಾದರೆ ಒಳಗೆ ಇನ್ನೂ ಏನೋ ಇರಬೇಕು ಎಂದುಕೊಂಡಿದ್ದೆ. ನಿನ್ನ ಮಗನೂ ನಿನ್ನ ಮುಖ ನೋಡಿಯೇ ಲೆಕ್ಕ ಹಾಕುತ್ತಿದ್ದಾನೆ.

ಇಂಥ ಮಕ್ಕಳ ಬದುಕು ಹೇಗಿದೆ ಎಂದು ತಿಳಿಯಲು ವೈದ್ಯರು ಬಳಸುವ ಪೆಡ್ಸ್‌ಕ್ಯೂಎಲ್ ಎಂಬ 23 ಪ್ರಶ್ನೆಗಳ ಪಟ್ಟಿಯಿದೆ. ಓಡಲು ಕಷ್ಟವೇ, ಭಯವಾಗುತ್ತದೆಯೇ, ಬೇರೆ ಮಕ್ಕಳೊಡನೆ ಹೊಂದಿಕೆಯಿದೆಯೇ, ಶಾಲೆ ತಪ್ಪುತ್ತದೆಯೇ ಎಂಬಂಥ ಪ್ರಶ್ನೆಗಳು. ಅದನ್ನು ತಂದೆತಾಯಿಗೆ ಬೇರೆ, ಮಗುವಿಗೆ ಬೇರೆ ಕೊಡುತ್ತಾರೆ. ಎರಡೂ ಉತ್ತರ ಎಷ್ಟೋ ಸಲ ತಾಳೆಯಾಗುವುದಿಲ್ಲ. ಆದ್ದರಿಂದ ಮೊದಲು ಅವನನ್ನೇ ಕೇಳು. ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೇ? ಯಾವಾಗ ಹಾಗೆ ಅನಿಸುತ್ತದೆ?

"ಏನೂ ಆಗುವುದಿಲ್ಲ, ಮಲಗು" ಎಂದು ಮಾತು ಮುಗಿಸಬೇಡ. ಬಲೆಯ ಹರಿದ ಕಣ್ಣು ಕಟ್ಟುವುದನ್ನು ದಿನವೂ ನೋಡುವ ಹುಡುಗ ಅವನು. ಗೋಡೆಯ ರಂಧ್ರಕ್ಕೆ ತೇಪೆ ಹೊಲಿದರು, ಆಮೇಲೆ ಹೃದಯದ ಒಳಪೊರೆಯೇ ಅದರ ಮೇಲೆ ಬೆಳೆದು ಮುಚ್ಚಿತು ಎಂದರೆ ಅವನಿಗೆ ನನಗಿಂತ ಬೇಗ ಅರ್ಥವಾಗುತ್ತದೆ.

ವೈದ್ಯರಿಂದ "ತೊಂದರೆ ಇಲ್ಲ" ಎಂಬ ಮಾತಷ್ಟೇ ಕೇಳಿ ಬರಬೇಡ. ಓಟ, ಕಬಡ್ಡಿ, ಈಜು, ಯಾವುದಕ್ಕೆ ಮಿತಿಯಿದೆ ಎಂದು ಮಗನೇ ಕೇಳಲಿ. ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಶಾಲೆಗೆ ಕೊಡು. ರಂಧ್ರ ಪೂರ್ತಿ ಮುಚ್ಚಿ, ಬೇರೆ ತೊಂದರೆ ಉಳಿಯದ ಮಕ್ಕಳಿಗೆ ಸಾಮಾನ್ಯವಾಗಿ ಆಟ ನಿಷಿದ್ಧವಲ್ಲ. ವೈದ್ಯರು ಒಪ್ಪಿದರೆ ನೀವಿಬ್ಬರೂ ದಂಡೆಯಲ್ಲಿ ಓಡಿ, ಒಬ್ಬರ ಎದೆಯ ಮೇಲೆ ಒಬ್ಬರು ಕೈಯಿಟ್ಟು ಬಡಿತ ಇಳಿಯುವವರೆಗೆ ನಿಲ್ಲಿ. ಆಯಿಯ ಎದೆಯೂ ಹೀಗೇ ಹೊಡೆದುಕೊಳ್ಳುತ್ತದೆ ಎಂದು ಅವನಿಗೆ ಗೊತ್ತಾಗಲಿ. ಓಡುವಾಗ ತಲೆಸುತ್ತಿ ಬಿದ್ದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿ. ಭಯ ವಾರಗಟ್ಟಲೆ ನಿದ್ದೆ ಕೆಡಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು. ಕನ್ನಡದಲ್ಲೇ ಮಾತನಾಡುತ್ತಾರೆ, ಹಣ ಬೇಡ. ನಿನ್ನ ಭಯಕ್ಕೂ ಅದೇ ಸಂಖ್ಯೆ.

ಅಂಗಿಯ ವಿಷಯದಲ್ಲಿ ಒತ್ತಾಯ ಬೇಡ. ನಾನು ಕಾಲೇಜು ಮುಗಿಯುವವರೆಗೂ ಕುತ್ತಿಗೆ ಮುಚ್ಚುವ ರವಿಕೆಯನ್ನೇ ಹೊಲಿಸಿಕೊಂಡವಳು. ಅವನು ಅಂಗಿ ತೊಟ್ಟೇ ನೀರಿಗಿಳಿಯಲಿ. ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಮಾತ್ರ ಮನೆಯಲ್ಲೇ ಅವನು ಒಂದು ಮಾತು ಆರಿಸಿಟ್ಟುಕೊಳ್ಳಲಿ, ತನ್ನದೇ ಮಾತು. ನೀನು ಹೇಳಿಕೊಡಬೇಡ.