ನಕಲು ಹೊಡೆದ ಸಾಕ್ಷಿ ಲೆಕ್ಕಕ್ಕಿಲ್ಲ

ಪ್ರಶ್ನೆ: ನಮ್ಮ ಮನೆಯಲ್ಲಿ ಮೂವರು ಪಿಎಚ್.ಡಿ. ಮಾಡುತ್ತಿದ್ದಾರೆ. ಅಣ್ಣನ ಮಗನದು ಥಿಯರಿ ಫಿಸಿಕ್ಸ್, ಮಗಳದು ಸೆನ್ಸರ್, ಸೊಸೆಯದು ಹಳಗನ್ನಡ ಕಾವ್ಯ. ಹಬ್ಬಕ್ಕೆ ಸೇರಿದಾಗ ಎಲ್ಲರೂ ಮಗಳನ್ನು ಮಾತ್ರ ವಿಚಾರಿಸುತ್ತಾರೆ, ಅವಳ ಹತ್ತಿರ ತೋರಿಸೋಕೆ ಒಂದು ಯಂತ್ರವಾದರೂ ಇದೆ. ಉಳಿದಿಬ್ಬರು ದಿನವಿಡೀ ಏನು ಮಾಡುತ್ತಾರೆ ಸ್ವಾಮಿ? ಈ ಮೂರಕ್ಕೂ ಏನಾದರೂ ಸಂಬಂಧ ಇದೆಯಾ?
(ಓದುಗರು, ತಿಪಟೂರು)

ಉತ್ತರ: ಇದೆ. ಮೂವರೂ ಸಾಕ್ಷಿ ವಿಚಾರಣೆ ಮಾಡುವವರೇ, ಕೋರ್ಟು ಬೇರೆ ಬೇರೆ ಅಷ್ಟೇ.

ಮಗಳ ಕಡೆಯಿಂದಲೇ ಬರೋಣ. ಅಮೆರಿಕದಲ್ಲಿ ಲೈಗೊ ಅಂತ ಎರಡು ಭಾರಿ ಸೆನ್ಸರ್‌ಗಳಿವೆ. ಒಂದು ಹ್ಯಾನ್‌ಫರ್ಡ್‌ನಲ್ಲಿ, ಇನ್ನೊಂದು ಅಲ್ಲಿಂದ 3000 ಕಿಲೋಮೀಟರ್ ದೂರದ ಲಿವಿಂಗ್‌ಸ್ಟನ್‌ನಲ್ಲಿ. ಒಂದೊಂದಕ್ಕೂ 4 ಕಿಲೋಮೀಟರ್ ಉದ್ದದ ಎರಡು ತೋಳು, ಒಳಗೆ ಲೇಸರ್, ತುದಿಯಲ್ಲಿ ಕನ್ನಡಿ. ಎಲ್ಲೋ ದೂರದಲ್ಲಿ ಎರಡು ಬ್ಲ್ಯಾಕ್ ಹೋಲ್ ಸೇರಿ ಒಂದಾದಾಗ ಎದ್ದ ಗುರುತ್ವದ ಅಲೆ 2015ರ ಸೆಪ್ಟೆಂಬರ್ 14ರಂದು ಭೂಮಿಯನ್ನು ದಾಟಿ ಹೋಯಿತು. ಆಗ ಆ ತೋಳುಗಳ ಉದ್ದ ಬದಲಾದದ್ದು ಒಂದು ಪ್ರೋಟಾನ್ ಅಗಲದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಇಷ್ಟು ಸೂಕ್ಷ್ಮದ ಯಂತ್ರಕ್ಕೆ ಪಕ್ಕದಲ್ಲಿ ಮರ ಕಡಿದರೂ ಗೊತ್ತಾಗುತ್ತದೆ, ಲಾರಿ ಹೋದರೂ ಗೊತ್ತಾಗುತ್ತದೆ. ಹಾಗಾದರೆ ಅದರ ಮಾತನ್ನು ನಂಬೋದು ಹೇಗೆ? ಅದಕ್ಕೇ ಎರಡು ಕಟ್ಟಿದ್ದು. ಲಿವಿಂಗ್‌ಸ್ಟನ್‌ನ ಲಾರಿ ಹ್ಯಾನ್‌ಫರ್ಡ್‌ಗೆ ಕೇಳಿಸೋದಿಲ್ಲ. ಅವತ್ತು ಎರಡೂ ಕಡೆ ಒಂದೇ ಆಕಾರದ ಅಲೆ, ಸುಮಾರು 7 ಮಿಲಿಸೆಕೆಂಡ್ ಅಂತರದಲ್ಲಿ ಬಂತು. ಅಷ್ಟು ದೂರ ಹೋಗೋಕೆ ಬೆಳಕಿಗೇ 10 ಮಿಲಿಸೆಕೆಂಡ್ ಬೇಕು, ಅದಕ್ಕಿಂತ ಜಾಸ್ತಿ ಅಂತರ ಇದ್ದಿದ್ದರೆ ಎರಡೂ ಒಂದೇ ಅಲೆ ಅನ್ನೋ ಹಾಗೇ ಇರಲಿಲ್ಲ.

ಈಗ ಸೊಸೆ. ಒಂದು ಹಳೆ ಕಾವ್ಯಕ್ಕೆ ನಾಲ್ಕು ಓಲೆಗರಿ ಪ್ರತಿ ಸಿಕ್ಕಿವೆ ಅಂದುಕೊಳ್ಳಿ. ಒಂದು ಜಾಗದಲ್ಲಿ ಮೂರು ಪ್ರತಿಯಲ್ಲಿ ಒಂದು ಪದ ಇದೆ, ನಾಲ್ಕನೆಯದರಲ್ಲಿ ಬೇರೆ. ಬಹುಮತ ಮೂರರ ಕಡೆ ಅಂತ ಮುಗಿಸೋಕೆ ಇದು ಪಂಚಾಯ್ತಿ ಚುನಾವಣೆ ಅಲ್ಲವಲ್ಲ. ಆ ಮೂರನ್ನೂ ಒಂದೇ ಪ್ರತಿ ನೋಡಿಕೊಂಡು ಬರೆದಿದ್ದರೆ ಅವು ಮೂರು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ. ಅದನ್ನು ಕಂಡುಹಿಡಿಯೋದು ತಪ್ಪುಗಳಿಂದ. ಪರೀಕ್ಷೆಯಲ್ಲಿ ಇಬ್ಬರು ಸರಿ ಉತ್ತರ ಬರೆದರೆ ಮೇಷ್ಟ್ರಿಗೆ ಅನುಮಾನ ಬರಲ್ಲ, ಇಬ್ಬರೂ ಒಂದೇ ಪೆದ್ದು ತಪ್ಪು ಮಾಡಿದಾಗ ಬರುತ್ತದೆ. ಲೈಗೊದವರು ಎರಡು ಯಂತ್ರವನ್ನು ದೂರ ದೂರ ಇಟ್ಟ ಬುದ್ಧಿಯೂ, ಗ್ರಂಥಸಂಪಾದನೆ (ಪ್ರತಿಗಳನ್ನು ಹೋಲಿಸಿ ಕವಿ ಬರೆದದ್ದೇನು ಅಂತ ಹುಡುಕೋದು) ಮಾಡುವವರು ಹಸ್ತಪ್ರತಿಗಳ ವಂಶವೃಕ್ಷ ಬರೆಯುವ ಬುದ್ಧಿಯೂ ಒಂದೇ. ಡಿ.ಎಲ್. ನರಸಿಂಹಾಚಾರ್ ಈ ಶಾಸ್ತ್ರದ ಮೇಲೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಕನ್ನಡದವರಿಗೆ ಇನ್ನೊಂದು ಅನುಕೂಲವೂ ಇದೆ. ಕಂದಪದ್ಯದ ಸಾಲುಗಳಿಗೆ 12, 20, 12, 20, ಒಟ್ಟು 64 ಮಾತ್ರೆ. ನಾಲ್ಕೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಲಿಪಿಕಾರ ನಿದ್ದೆಗಣ್ಣಲ್ಲಿ ಒಂದಕ್ಷರ ನುಂಗಿದರೆ ಮಾತ್ರೆ ಕಮ್ಮಿಯಾಗುತ್ತದೆ, ಎರಡನೇ ಅಕ್ಷರ ಬದಲಿಸಿದರೆ ಪ್ರಾಸ ಮುರಿಯುತ್ತದೆ. ಡೇಟಾ ಕಳಿಸುವಾಗ ತಪ್ಪು ಹಿಡಿಯೋಕೆ ಸೇರಿಸುವ ಚೆಕ್‌ಸಮ್ ಅಂದರೆ ಏನು ಅಂತ ನಿಮ್ಮ ಮಗಳನ್ನು ಕೇಳಿ, ಆಮೇಲೆ ಸೊಸೆಯ ಜೊತೆ ಕೂರಿಸಿ. ಅರ್ಧ ಗಂಟೆ ಮಾತಾಡೋಕೆ ವಿಷಯ ಸಿಗುತ್ತದೆ.

ಇನ್ನೊಂದು ಸೂತ್ರ ನನಗೆ ತುಂಬಾ ಇಷ್ಟ. ಒಂದೇ ಜಾಗಕ್ಕೆ ಬೇರೆ ಬೇರೆ ಪ್ರತಿಯಲ್ಲಿ ಸಿಗುವ ಎರಡು ಪಾಠಗಳಲ್ಲಿ ಒಂದು ಸುಲಭ, ಇನ್ನೊಂದು ಕಷ್ಟ ಇದ್ದರೆ ಸಾಮಾನ್ಯವಾಗಿ ಕಷ್ಟದ್ದೇ ಮೂಲ. ಗೊತ್ತಿಲ್ಲದ ಪದವನ್ನು ಗೊತ್ತಿರೋ ಪದವಾಗಿ 'ತಿದ್ದುವ' ಚಪಲ ಲಿಪಿಕಾರರಿಗೆ ಇರುತ್ತದೆ, ಅದರ ಉಲ್ಟಾ ಯಾರೂ ಮಾಡಲ್ಲ. ಹಳಗನ್ನಡದ ೞ ಅಕ್ಷರದ ಗತಿ ನೋಡಿ, ಈಗ ಅದು ಬಳಕೆಯಲ್ಲೇ ಇಲ್ಲ, ಹೆಚ್ಚಾಗಿ ಳ ಆಗಿಹೋಗಿದೆ. 13ನೇ ಶತಮಾನದಲ್ಲಿ ಕೇಶಿರಾಜ ತನ್ನ ವ್ಯಾಕರಣದಲ್ಲಿ ಆ ಅಕ್ಷರ ಇರೋ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಜನ ಆಗಲೇ ಕಲಸಿಬಿಟ್ಟಿದ್ದರು ಅಂತ ಅರ್ಥ ಅಲ್ವಾ?

ಅಣ್ಣನ ಮಗನ ವಿಷಯ. ಏನನ್ನು ಹುಡುಕಬೇಕು ಅಂತ ಮೊದಲೇ ಲೆಕ್ಕ ಹಾಕಿ ಹೇಳುವವನು ಅವನು. ನಮ್ಮ ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ ಅಮೆರಿಕದಲ್ಲಿದ್ದಾಗ, 1970ರಲ್ಲಿ, ಕಾಗದದ ಮೇಲೆ ಒಂದು ಬ್ಲ್ಯಾಕ್ ಹೋಲಿಗೆ ಅಲೆ ಬಡಿಸಿ ಏನಾಗುತ್ತದೆ ಅಂತ ನೋಡಿದರು. ಬಾರಿಸಿದ ಗಂಟೆಯ ಹಾಗೆ ಅದು ಮೊಳಗಿ, ತಟ್ಟನೆ ತಣ್ಣಗಾಗುತ್ತದೆ, ಆ ನಾದದಲ್ಲೇ ಅದರ ತೂಕದ ಗುಟ್ಟಿದೆ ಅಂತ ಗೊತ್ತಾಯಿತು. ಬ್ಲ್ಯಾಕ್ ಹೋಲ್ ಅನ್ನೋ ಹೆಸರೇ ಆಗಿನ್ನೂ ಹೊಸದು, ಇವೆಲ್ಲ ನಿಜವಾಗಿ ಇವೆಯಾ ಅಂತ ಅನುಮಾನ ಪಡುವವರೂ ಇದ್ದರು. 45 ವರ್ಷ ಕಳೆದ ಮೇಲೆ ಲೈಗೊ ಹಿಡಿದ ಅಲೆಯ ಬಾಲದಲ್ಲಿ ಅಂಥದೇ ಮೊಳಗು ಕಾಣಿಸಿತು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಂದಾಗ ವಿಶ್ವೇಶ್ವರ ಇದ್ದರು, 2017ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ನೆಹರು ತಾರಾಲಯ ಕಟ್ಟಿ ಬೆಳೆಸಿದವರೂ ಅವರೇ. ಹಾಗಾಗಿ ಮುಂದಿನ ಹಬ್ಬಕ್ಕೆ ಆ ಹುಡುಗ ಬಂದಾಗ 'ಬರೀ ಲೆಕ್ಕ ತಾನೇ' ಅನ್ನಬೇಡಿ, ಸ್ವಲ್ಪ ಕಾಯಿರಿ.

ಪ್ರಶ್ನೆ: ಎಐ ಬಂದಾಯ್ತು. ಹಳೆ ಗ್ರಂಥ ಓದೋಕೆ ಇನ್ನೂ ವಿದ್ವಾಂಸರು ಯಾಕೆ ಬೇಕು?
(ಓದುಗರು, ಬಳ್ಳಾರಿ)

ಉತ್ತರ: ಕ್ರಿ.ಶ. 79ರಲ್ಲಿ ಇಟಲಿಯ ವೆಸುವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಂ ಊರಿನ ಒಂದು ಮನೆಯ ಪುಸ್ತಕ ಭಂಡಾರ ಸುಟ್ಟು ಇದ್ದಿಲಾಯಿತು. ಪ್ಯಾಪಿರಸ್ ಸುರುಳಿಗಳು, ಬಿಚ್ಚಿದರೆ ಪುಡಿಪುಡಿ. ಎಕ್ಸ್‌ರೇ ಹಾಕಿದರೂ ಕಷ್ಟ, ಯಾಕಂದರೆ ಶಾಯಿಯೂ ಇದ್ದಿಲು, ಹಾಳೆಯೂ ಇದ್ದಿಲು. ಇಂಗ್ಲೆಂಡಿನ ಸಿಂಕ್ರೋಟ್ರಾನ್‌ನಲ್ಲಿ (ತುಂಬಾ ಪ್ರಖರ ಎಕ್ಸ್‌ರೇ ಕೊಡುವ ದೊಡ್ಡ ಯಂತ್ರ) ತೆಗೆದ ತ್ರೀಡಿ ಚಿತ್ರಗಳನ್ನು 2023ರಲ್ಲಿ ಎಲ್ಲರಿಗೂ ತೆರೆದು ಸ್ಪರ್ಧೆ ಇಟ್ಟರು. ಅಕ್ಟೋಬರ್‌ನಲ್ಲಿ ಒಬ್ಬ ಕಾಲೇಜು ಹುಡುಗ ಎಐ ಬಳಸಿ ಒಂದು ಪದ ತೋರಿಸಿದ, ಗ್ರೀಕ್‌ನಲ್ಲಿ 'ನೇರಳೆ ಬಣ್ಣ' ಅಂತ. ಮುಂದಿನ ವರ್ಷದ ಶುರುವಿನಲ್ಲಿ ಅವನೂ ಇನ್ನಿಬ್ಬರೂ ಸೇರಿ 2000ಕ್ಕೂ ಹೆಚ್ಚು ಅಕ್ಷರ ಓದುವಂತೆ ಮಾಡಿ 7 ಲಕ್ಷ ಡಾಲರ್ ಬಹುಮಾನ ತೆಗೆದುಕೊಂಡರು.

ಇದರಲ್ಲಿ ನನಗೆ ಹಿಡಿಸಿದ್ದು ಬಹುಮಾನ ಅಲ್ಲ. ಆ ಎಐಗೆ ಬೇಕಂತಲೇ ಗ್ರೀಕ್ ಕಲಿಸಿರಲಿಲ್ಲ. ಈ ಚುಕ್ಕೆಯಲ್ಲಿ ಶಾಯಿ ಇದೆಯಾ ಇಲ್ವಾ ಅನ್ನೋದಷ್ಟೇ ಅದರ ಕೆಲಸ. ಅಕ್ಷರ ಗೊತ್ತಿದ್ದರೆ ಅದೂ ನಮ್ಮ ಲಿಪಿಕಾರನ ಹಾಗೆ ಇಲ್ಲದ್ದನ್ನು ತುಂಬಿಬಿಡುತ್ತಿತ್ತು. ಚುಕ್ಕೆಗಳು ಸೇರಿ ಅಕ್ಷರ ಮೂಡಿದ ಮೇಲೆ ಗ್ರೀಕ್ ವಿದ್ವಾಂಸರು ಕೂತು ಓದಿದರು, ಹರಿದ ಜಾಗಕ್ಕೆ ಏನು ಹೊಂದುತ್ತದೆ ಅಂತ ತೂಗಿ ನೋಡಿದರು. ಅದರಲ್ಲಿದ್ದದ್ದು ಊಟ, ಸಂಗೀತ, ಸುಖ ಇವುಗಳ ಬಗ್ಗೆ ತತ್ವದ ಮಾತು. ಅದನ್ನು ಹೇಳೋಕೆ ವಿದ್ವಾಂಸರೇ ಬೇಕಾಯಿತು.

ನಮ್ಮಲ್ಲೂ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದ ಕಲ್ಲಿನಲ್ಲಿ ಕಣ್ಣಿಗೆ ಕಾಣದ ಗೀರೂ ಅದರಲ್ಲಿ ಕಾಣುತ್ತದೆ. ಆ ಗೀರು ಅಕ್ಷರವೋ ಕಲ್ಲಿನ ಬಿರುಕೋ ಅನ್ನೋದು ಮಾತ್ರ ಶಾಸನ ಓದಿ ಪಳಗಿದವರಿಗೇ ಬಿಟ್ಟದ್ದು.

ಪ್ರಶ್ನೆ: ಸಂಶೋಧಕರು ತಮಗೆ ಬೇಕಾದ್ದನ್ನೇ ಕಂಡುಹಿಡಿಯುತ್ತಾರೆ ಅನ್ನೋದು ನನ್ನ ಅನುಮಾನ.
(ಓದುಗರು, ಧಾರವಾಡ)

ಉತ್ತರ: ಲೈಗೊದವರಿಗೂ ತಮ್ಮ ಮೇಲೆ ಅದೇ ಅನುಮಾನ. ಅದಕ್ಕೆ 2010ರ ಸೆಪ್ಟೆಂಬರ್‌ನಲ್ಲಿ ಕೆಲವೇ ಜನ ಗುಟ್ಟಾಗಿ ಒಂದು ಸುಳ್ಳು ಅಲೆಯನ್ನು ಯಂತ್ರದೊಳಗೆ ಬಿಟ್ಟರು. ಉಳಿದವರು ತಿಂಗಳುಗಟ್ಟಲೆ ಕೂತು ವಿಶ್ಲೇಷಣೆ ಮಾಡಿ ಪೇಪರ್ ಕೂಡ ಬರೆದಿಟ್ಟರು. 2011ರ ಮಾರ್ಚ್‌ನಲ್ಲಿ ಎಲ್ಲರೂ ಸೇರಿದ ಸಭೆಯಲ್ಲಿ ಗುಟ್ಟು ಒಡೆದಾಗ ಅದು ನಕಲಿ ಅಂತ ಗೊತ್ತಾಯಿತು. ಪೇಪರ್ ಪೆಟ್ಟಿಗೆ ಸೇರಿತು. ನಮ್ಮ ಹಸ್ತಪ್ರತಿಗಳಲ್ಲಿ ಪ್ರಕ್ಷಿಪ್ತ (ಆಮೇಲೆ ಯಾರೋ ಸೇರಿಸಿದ) ಪದ್ಯಗಳಿವೆ, ಖೊಟ್ಟಿ ತಾಮ್ರಪಟಗಳೂ ಇವೆ, ಆದರೆ ಅವನ್ನು ಸೇರಿಸಿದವರು ಯಾರೂ ಆಮೇಲೆ ಬಂದು ಒಪ್ಪಿಕೊಳ್ಳಲಿಲ್ಲ ನೋಡಿ.

ಪ್ರಶ್ನೆ: ಮಗ ಬಿ.ಎಸ್ಸಿ. ಮುಗಿಸಿ ಹಳಗನ್ನಡ ಓದ್ತೀನಿ ಅಂತಾನೆ. ಬಿಡಲಾ?
(ಓದುಗರು, ಹಾಸನ)

ಉತ್ತರ: ಬಿಡಿ. ಕನ್ನಡ ಎಂ.ಎ. ಮಾಡಿ ನೆಟ್ ಪರೀಕ್ಷೆ ಬರೆಯಲಿ. ಜೆಆರ್‌ಎಫ್ ಅನ್ನೋ ಸಂಶೋಧನಾ ಶಿಷ್ಯವೇತನ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಫಿಸಿಕ್ಸ್‌ನವರಿಗೂ ಅಷ್ಟೇ. ಛಂದಸ್ಸು ಮಾತ್ರ ಈಗಲೇ ಶುರು ಮಾಡಲಿ, ಲೆಕ್ಕ ಬರೋ ಹುಡುಗನಿಗೆ ಮಾತ್ರೆ ಎಣಿಸೋಕೆ ಎಷ್ಟು ಹೊತ್ತು?