ತುಮಕೂರಿನಲ್ಲಿ ನಿಟಿನಾಲ್ ತಂತಿಯಿಂದ ಮೂರು ಸಾಧನ ಮಾಡಿದ್ದೇನೆ. ಕೆಲಸ ಬಿಟ್ಟು ಮೊದಲು ಪೇಟೆಂಟ್ ಮಾಡಿಸಲೇ, ಬಂಡವಾಳ ಹುಡುಕಲೇ?

ನಿಮ್ಮ ಪ್ರಶ್ನೆಯಲ್ಲಿ ತುಮಕೂರು ಎಂದಿರುವ ಕಡೆ ಚಿಕ್ಕಬಳ್ಳಾಪುರ ಎಂದು ತಿದ್ದಿದರೆ ಅದನ್ನು ಬರೆದವನು ಹನ್ನೊಂದು ವರ್ಷದ ಹಿಂದಿನ ನಾನೇ ಆಗುತ್ತೇನೆ. ರೋಬಾಟ್ ಕೈಯ ಬೆರಳು, ಬೀರುವಿನ ಬೀಗ, ಹಸಿರುಮನೆಯ ಗಾಳಿಕಿಂಡಿ ಎಂಬ ಮೂರು ಸಾಧನಗಳಲ್ಲೂ ಮೋಟಾರ್ ಇಲ್ಲವೆಂದೂ, ನಿಟಿನಾಲ್ ಎಂಬ ಶೇಪ್ ಮೆಮರಿ ಅಲಾಯ್ (ಬಿಸಿಯಾದರೆ ಮೊದಲು ಕಲಿಸಿದ ಆಕಾರಕ್ಕೆ ಮರಳುವ ಮಿಶ್ರಲೋಹ) ತಂತಿಯೇ ಆಕ್ಚುಯೇಟರ್, ಅಂದರೆ ಚಲನೆ ಕೊಡುವ ಭಾಗ ಎಂದೂ, ಅದು ಒಂದೇ ಸೆಕೆಂಡಿನಲ್ಲಿ ಎಳೆಯುತ್ತದೆಂದೂ ಬರೆದಿದ್ದೀರಿ. ಎಳೆದದ್ದನ್ನು ಬಿಡಲು ಅದಕ್ಕೆ ಎಷ್ಟು ಹೊತ್ತು ಬೇಕು, ಎಷ್ಟು ತಣ್ಣಗಾಗಬೇಕು ಎಂಬುದನ್ನು ಎಲ್ಲಿಯೂ ಬರೆದಿಲ್ಲ. ನಾನೂ ಬರೆದಿರಲಿಲ್ಲ. ಆ ಒಂದು ಸಾಲು ಇಲ್ಲದೆ ಹೋದದ್ದಕ್ಕೆ ನಮ್ಮ ಚಿಕ್ಕಪ್ಪ ಒಂದು ಬೆಳೆ ರೇಷ್ಮೆಗೂಡನ್ನು ಕಳೆದುಕೊಂಡರು, ನಾನು ಒಂದು ಪೇಟೆಂಟ್ ಅರ್ಜಿಯನ್ನು ಕಳೆದುಕೊಂಡೆ.

ನಮ್ಮ ಊರು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿದೆ. ಆಗ ನಾನು ಬೆಂಗಳೂರಿನಲ್ಲಿ ಯಂತ್ರ ವಿನ್ಯಾಸದ ಕೆಲಸದಲ್ಲಿದ್ದು ಪ್ರತಿ ಶನಿವಾರ ಊರಿಗೆ ಬರುತ್ತಿದ್ದೆ. ಚಿಕ್ಕಪ್ಪ ರೇಷ್ಮೆಹುಳು ಸಾಕುವ ಹುಳುಮನೆಗೆ ಶೀಟಿನ ಛಾವಣಿ. ಮಧ್ಯಾಹ್ನ ಒಳಗೆ 32 ಡಿಗ್ರಿ ದಾಟುತ್ತಿತ್ತು. ನಾಲ್ಕನೇ ಜ್ವರದಿಂದ (ಹುಳು ಪೊರೆ ಕಳಚುವ ಹಂತಕ್ಕೆ ನಮ್ಮ ಕಡೆಯ ಹೆಸರು) ಎದ್ದ ದ್ವಿತಳಿ ಜಾತಿಯ ಹುಳುಗಳಿಗೆ 24ರಿಂದ 25 ಡಿಗ್ರಿ ಇದ್ದರೆ ಚೆನ್ನ. ಛಾವಣಿಯ ಕೆಳಗಿನ ಆರು ಗಾಳಿಕಿಂಡಿಗಳನ್ನು ದಿನಕ್ಕೆರಡು ಬಾರಿ ಏಣಿ ಹತ್ತಿ ತೆರೆದು ಮುಚ್ಚುವ ಕೆಲಸ ಚಿಕ್ಕಮ್ಮನದು. ಕರೆಂಟಿನ ಹಂಗಿಲ್ಲದೆ, ಬರಿಯ ಬಿಸಿಲಿನ ಕಾವಿನಿಂದಲೇ ಕಿಂಡಿ ತೆರೆಯುವಂತೆ ಮಾಡುತ್ತೇನೆಂದು ನಾನು ಹೊರಟೆ. ಕೋಣೆಯ ಉಷ್ಣತೆಗೆ ಹತ್ತಿರದಲ್ಲೇ ರೂಪ ಬದಲಿಸುವ ನಿಟಿನಾಲ್ ತಂತಿಯನ್ನು ತರಿಸಿ, ಬೋಲ್ಟೊಂದಕ್ಕೆ ಬಿಗಿಯಾಗಿ ಸುತ್ತಿ, ಎರಡು ತುದಿಗಳನ್ನೂ ನಟ್ಟಿನಿಂದ ಹಿಡಿಸಿ, ಪೀಣ್ಯದ ಒಂದು ಶೆಡ್ಡಿನ ಕುಲುಮೆಯಲ್ಲಿ ಸುಮಾರು 500 ಡಿಗ್ರಿಯಲ್ಲಿ ಕಾಯಿಸಿ ನೀರಿಗೆ ಅದ್ದಿಸಿದೆ. ಹೊರಬಂದ ಸ್ಪ್ರಿಂಗನ್ನು ಕೈಯಲ್ಲಿ ಹಿಗ್ಗಿಸಿ ಬಿಸಿನೀರಿನ ಚೊಂಬಿಗೆ ಹಾಕಿದರೆ ಜೀವವಿದ್ದಂತೆ ಮುದುಡಿಕೊಂಡು ಬೋಲ್ಟಿನ ಮೇಲಿದ್ದ ಅಳತೆಗೇ ಬಂದು ನಿಂತಿತು. ಅದನ್ನು ಮೊದಲ ಬಾರಿ ಕಂಡವನಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ, ನಿಮಗೂ ಬಂದಿರಲಾರದು.

ಈ ಲೋಹದ ಕಥೆಯೇ ಹಾಗೆ ಶುರುವಾದದ್ದು. ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯುಹ್ಲರ್ 1959ರಲ್ಲಿ ನಿಕಲ್ ಮತ್ತು ಟೈಟಾನಿಯಂ ಸೇರಿಸಿ ಈ ಮಿಶ್ರಲೋಹದ ಮೇಲೆ ಕೆಲಸ ಮಾಡುತ್ತಿದ್ದರು. ನಿಕಲ್, ಟೈಟಾನಿಯಂ ಮತ್ತು ಆ ಪ್ರಯೋಗಾಲಯದ ಮೊದಲಕ್ಷರಗಳು ಕೂಡಿಯೇ ನಿಟಿನಾಲ್ ಎಂಬ ಹೆಸರಾಯಿತು. ಒಂದು ಸಭೆಯಲ್ಲಿ ಹಿಂದುಮುಂದಾಗಿ ಮಡಿಚಿದ್ದ ಅದರ ಪಟ್ಟಿಯೊಂದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾಗ, ಅಲ್ಲಿದ್ದ ಅಧಿಕಾರಿಯೊಬ್ಬರು ತಮ್ಮ ಪೈಪಿನ ಲೈಟರನ್ನು ಅದಕ್ಕೆ ಹಿಡಿದರು. ಮಡಿಕೆಗಳೆಲ್ಲ ಬಿಚ್ಚಿಕೊಂಡು ಪಟ್ಟಿ ನೇರವಾಯಿತು. ಈ ಪ್ರಸಂಗವನ್ನು ಹೇಳುವವರೆಲ್ಲ ಲೈಟರಿನಲ್ಲಿಗೆ ಕಥೆ ಮುಗಿಸುತ್ತಾರೆ. ಪಟ್ಟಿ ತಣ್ಣಗಾದ ಮೇಲೆ ಮಡಿಕೆಗಳು ತಾವಾಗಿ ಮರಳಲಿಲ್ಲವೆಂಬುದನ್ನು ಯಾರೂ ಹೇಳುವುದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಮನೆಯ ಹಿತ್ತಿಲಿನಲ್ಲಿ ಕಿಂಡಿಯ ಮಾದರಿಯೊಂದನ್ನು ಮಾಡಿ, ಸ್ಪ್ರಿಂಗಿಗೆ ಬಾಗಿಲಿನ ಭಾರವನ್ನು ತೂಗುಹಾಕಿ, ನೀರಿನ ಉಷ್ಣತೆಯನ್ನು ಒಂದೊಂದೇ ಡಿಗ್ರಿ ಏರಿಸುತ್ತ ಅಳೆದೆ. 29 ಡಿಗ್ರಿಗೆ ಬಾಗಿಲು ಅಲುಗಲು ಶುರುವಾಗಿ 33ಕ್ಕೆ ಪೂರ್ತಿ ತೆರೆಯುತ್ತಿತ್ತು. ಬರೆದುಕೊಂಡೆ. ಮತ್ತೊಮ್ಮೆ ಅಳೆಯಬೇಕಾದರೆ ಅದು ಮುಚ್ಚಬೇಕಲ್ಲ. ಬಿಸಿನೀರು ಆರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಬಿ.ಬಿ. ರಸ್ತೆಯ ಕಬ್ಬಿನ ಹಾಲಿನ ಅಂಗಡಿಯಿಂದ ಐಸ್ ತಂದು ಇನ್ನೊಂದು ಚೊಂಬಿನಲ್ಲಿ ಇಟ್ಟುಕೊಂಡಿದ್ದೆ. ಸ್ಪ್ರಿಂಗನ್ನು ಅದರಲ್ಲಿ ಅದ್ದಿದ ಕೂಡಲೇ ಬಾಗಿಲಿನ ಭಾರಕ್ಕೆ ಅದು ಹಿಗ್ಗಿ ಕಿಂಡಿ ಮುಚ್ಚುತ್ತಿತ್ತು. ಹೀಗೆ ನೂರಾರು ಬಾರಿ ತೆರೆದು ಮುಚ್ಚಿದೆ, ವೀಡಿಯೊ ಮಾಡಿದೆ, ಸ್ನೇಹಿತರಿಗೆ ಕಳಿಸಿದೆ. ನನ್ನ ನೋಟ್‌ಬುಕ್ಕಿನಲ್ಲಿ ನೂರಾರು ಬಾರಿ ತೆರೆದ ಉಷ್ಣತೆಯ ಅಂಕಿಗಳಿದ್ದವು. ಮುಚ್ಚಿದ್ದರ ಅಂಕಿ ಒಂದೂ ಇರಲಿಲ್ಲ. ಐಸಿನ ಚೊಂಬಿಗೆ ಥರ್ಮಾಮೀಟರ್ ಹಾಕುವ ಯೋಚನೆಯೇ ನನಗೆ ಬರಲಿಲ್ಲ.

ನಿಟಿನಾಲ್‌ಗೆ ಸಂಬಂಧಿಸಿದ ಉಷ್ಣತೆ ಒಂದಲ್ಲ, ನಾಲ್ಕು. ತಣ್ಣಗಿನ ರೂಪವಾದ ಮಾರ್ಟೆನ್‌ಸೈಟ್ ಮೆತ್ತಗಿರುತ್ತದೆ, ಬಿಸಿಯ ರೂಪವಾದ ಆಸ್ಟೆನೈಟ್ ಗಡುಸಾಗಿರುತ್ತದೆ. ಕಾಯುವಾಗ ಬದಲಾವಣೆ ಶುರುವಾಗುವುದು ಒಂದು ಉಷ್ಣತೆಯಲ್ಲಿ, ಮುಗಿಯುವುದು ಇನ್ನೊಂದರಲ್ಲಿ. ಆರುವಾಗ ಹಿಂದಿರುಗುವ ದಾರಿಯೇ ಬೇರೆ, ಅದರ ಆರಂಭ ಮತ್ತು ಕೊನೆ ಎರಡೂ ಬಹಳ ಕೆಳಗಿರುತ್ತವೆ. ಸಾಮಾನ್ಯ ನಿಕಲ್‌-ಟೈಟಾನಿಯಂ ತಂತಿಯಲ್ಲಿ ಈ ಹೋಗುವ ಬರುವ ದಾರಿಗಳ ನಡುವಿನ ಅಂತರ, ಅಂದರೆ ಹಿಸ್ಟರಿಸಿಸ್, ಸುಮಾರು 20ರಿಂದ 30 ಡಿಗ್ರಿ. ಪಠ್ಯಪುಸ್ತಕದಲ್ಲಿ ಅದರ ಚಿತ್ರವನ್ನು ನಾನೂ ಬರೆದಿದ್ದೆ, ಅಂಕ ತೆಗೆದಿದ್ದೆ. ಎಲ್ಲ ಮುಗಿದ ಮೇಲೆ, ಐಸ್ ಬಳಸದೆ ನಿಧಾನವಾಗಿ ಆರಿಸಿ ಅಳೆದಾಗ ನನ್ನ ಸ್ಪ್ರಿಂಗ್ ಬಿಡಲು ಶುರು ಮಾಡಿದ್ದು 14 ಡಿಗ್ರಿಗೆ, ಪೂರ್ತಿ ಬಿಟ್ಟಿದ್ದು 6 ಡಿಗ್ರಿಗೆ. ಆರು ಡಿಗ್ರಿಯ ರಾತ್ರಿಯನ್ನು ನಮ್ಮ ಊರಿನಲ್ಲಿ ಯಾರೂ ಕಂಡಿಲ್ಲ.

ಅದು ನವೆಂಬರ್. ಹುಳುಮನೆಯಲ್ಲಿ 150 ಮೊಟ್ಟೆಯ ಹುಳು (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಇಲ್ಲಿ ಒಂದು ಮೊಟ್ಟೆಯ ಲೆಕ್ಕ). ಭಾನುವಾರ ಬೆಳಿಗ್ಗೆ ಆರು ಕಿಂಡಿಗಳಿಗೂ ಸ್ಪ್ರಿಂಗ್ ಕಟ್ಟಿದೆ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಒಂದರ ಹಿಂದೆ ಒಂದು ತೆರೆದುಕೊಂಡವು. ಚಿಕ್ಕಮ್ಮ ಏಣಿಯನ್ನು ಕೊಟ್ಟಿಗೆಗೆ ಒರಗಿಸಿ ಬಂದರು. ನಾನು ಫೋಟೊ ತೆಗೆದುಕೊಂಡು ಸಂಜೆಯ ಬಸ್ಸಿಗೆ ಬೆಂಗಳೂರಿಗೆ ಹೊರಟುಹೋದೆ. ಆ ವಾರ ರಾತ್ರಿಯೆಲ್ಲ ಮಂಜು ಸುರಿಯಿತು. 16, 17 ಡಿಗ್ರಿಯ ತೇವದ ಗಾಳಿ ಆರು ಕಿಂಡಿಗಳಿಂದಲೂ ಹುಳುಗಳ ಮೇಲೆ ಬೀಸಿತು. ತಾನಾಗಿ ಮುಚ್ಚುತ್ತದೆಂದು ನಾನು ಹೇಳಿಹೋದದ್ದರಿಂದ ಯಾರೂ ತಲೆಯೆತ್ತಿ ನೋಡಲಿಲ್ಲ. ಮುಂದಿನ ಶನಿವಾರ ನಾನು ಹೋಗುವಷ್ಟರಲ್ಲಿ ತಟ್ಟೆಗಳ ಅಂಚಿನಲ್ಲಿ ಹುಳುಗಳು ಬೆಳ್ಳಗೆ ಸೀಮೆಸುಣ್ಣದ ತುಂಡುಗಳಂತೆ ಗಟ್ಟಿಯಾಗಿ ಬಿದ್ದಿದ್ದವು; ಎತ್ತಿದರೆ ಟಕ್ಕೆಂದು ಮುರಿಯುತ್ತಿದ್ದವು. ಸುಣ್ಣಕಟ್ಟು ರೋಗದ ಬೂಷ್ಟು ಮನೆಯಲ್ಲಿ ಮೊದಲೇ ಇದ್ದಿರಬೇಕು, ಆದರೆ ಅದಕ್ಕೆ ಬೇಕಾದ ಚಳಿಯನ್ನೂ ತೇವವನ್ನೂ ಒದಗಿಸಿದವನು ನಾನು. ಗೂಡು ಕಟ್ಟುವ ಚಂದ್ರಿಕೆಗೆ ಹತ್ತಿದ ಹುಳುಗಳಿಂದ ನೂರು ಕಿಲೋ ಗೂಡಿನ ಬದಲು 38 ಕಿಲೋ ಬಂತು. ಚಿಕ್ಕಪ್ಪ ಬೈಯಲಿಲ್ಲ. ಕಿಂಡಿಯ ಕಡೆ ನೋಡುತ್ತ, "ಅಲ್ಲಪ್ಪಾ, ಇದಕ್ಕೆ ತೆರೆಯೋದು ಕಲಿಸಿದೀಯ, ಮುಚ್ಚೋದು ಯಾರು ಕಲಿಸ್ಬೇಕಿತ್ತು?" ಎಂದು ಕೇಳಿದರು.

ನಮ್ಮ ಊರಿನಿಂದ ಮುದ್ದೇನಹಳ್ಳಿ ದೂರವೇನಲ್ಲ. ಅಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಪ್ರವಾಹ ಏರಿದಾಗ ತಾವೇ ತೆರೆದು, ನೀರು ಇಳಿದಾಗ ತಾವೇ ಮುಚ್ಚುತ್ತಿದ್ದವು. ಚಿಕ್ಕಂದಿನಿಂದ ನೂರು ಸಲ ಕೇಳಿದ್ದ ಈ ಸಂಗತಿಯಲ್ಲಿ ಎರಡನೆಯ ಅರ್ಧ ನನ್ನ ಕಿವಿಗೆ ಬಿದ್ದದ್ದು ಆ ನವೆಂಬರಿನಲ್ಲಿ.

ಪೇಟೆಂಟಿನ ವಿಷಯವೂ ಅದೇ ತಪ್ಪಿನ ಬಾಲ. ಹುಳುಮನೆಗೆ ಕಟ್ಟುವ ಮೊದಲೇ, ಯಾರಾದರೂ ಕದ್ದಾರೆಂಬ ಭಯದಿಂದ, ಚೆನ್ನೈ ಪೇಟೆಂಟ್ ಕಚೇರಿಗೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿಸಿದ್ದೆ. ಹಾಗೆ ಹಾಕಿದ ದಿನದಿಂದ 12 ತಿಂಗಳೊಳಗೆ ಸಂಪೂರ್ಣ ವಿವರಣೆ ಸಲ್ಲಿಸದಿದ್ದರೆ ಅರ್ಜಿಯನ್ನು ಕೈಬಿಟ್ಟಂತೆಯೇ ಕಾನೂನು ಪರಿಗಣಿಸುತ್ತದೆ. ಸಂಪೂರ್ಣ ವಿವರಣೆಯಲ್ಲಿ ಸಾಧನವನ್ನು ನಡೆಸುವ ಅತ್ಯುತ್ತಮ ವಿಧಾನವನ್ನು ಬರೆಯಬೇಕು. ನನ್ನ ಬಳಿ ಇದ್ದ ವಿಧಾನಕ್ಕೆ ಪ್ರತಿ ಸಂಜೆ ಒಂದು ಬಕೆಟ್ ಐಸ್ ಬೇಕಿತ್ತು. ತಾಮ್ರ ಬೆರೆಸಿದ ನಿಟಿನಾಲಿನಲ್ಲಿ ಅಂತರ ಹತ್ತು ಹದಿನೈದು ಡಿಗ್ರಿಗೆ ಇಳಿಯುತ್ತದೆಂದು ಓದಿದೆ; ಅದೂ ನಮಗೆ ಹೆಚ್ಚೇ. ಆರ್-ಫೇಸ್ ಎಂಬ ನಡುವಿನ ರೂಪವನ್ನು ಬಳಸಿದರೆ ಅಂತರ ಒಂದೆರಡು ಡಿಗ್ರಿಗೇ ನಿಲ್ಲುತ್ತದೆ, ಆದರೆ ತಂತಿಯ ಚಲನೆ ಶೇಕಡ ಒಂದಕ್ಕಿಂತ ಕಡಿಮೆ. ಸ್ಪ್ರಿಂಗನ್ನು ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕು. ಅಷ್ಟರಲ್ಲಿ ಹನ್ನೆರಡು ತಿಂಗಳು ಕಳೆದವು.

ಹಾಗಾಗಿ, ಪೇಟೆಂಟೋ ಬಂಡವಾಳವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎರಡಕ್ಕೂ ಮೊದಲು ನಿಮ್ಮ ಮೂರು ಸಾಧನಗಳಲ್ಲಿ ಎರಡನ್ನು ಬಿಡಬೇಕು. ಗಾಳಿಕಿಂಡಿಯನ್ನು ಇಂದೇ ಬಿಡಿ. ಕಾವಿಗೆ ಹಿಗ್ಗುವ ಮೇಣ ತುಂಬಿದ ಸಿಲಿಂಡರಿನಿಂದ ಹಸಿರುಮನೆಯ ಕಿಟಕಿ ತೆರೆದು ಮುಚ್ಚುವ ಸಾಧನ ಎಷ್ಟೋ ಕಾಲದಿಂದ ಮಾರಾಟದಲ್ಲಿದೆ, ಕಾರಿನ ಎಂಜಿನ್ನಿನ ಥರ್ಮೊಸ್ಟಾಟ್ ನಡೆಯುವುದೂ ಅಂಥದೇ ಮೇಣದಿಂದ; ಈ ಕೆಲಸದಲ್ಲಿ ನಿಟಿನಾಲ್ ಅದಕ್ಕೆ ಸರಿಸಾಟಿಯಾಗದು. ನಮ್ಮ ಹುಳುಮನೆಯಲ್ಲಿ ಈಗಿರುವುದೂ ಮೇಣದ ಸಿಲಿಂಡರೇ. ಚಿಕ್ಕಮ್ಮ ಅದನ್ನೂ ನಂಬದೆ ದಿನಾ ಸಂಜೆ ಒಮ್ಮೆ ನೋಡಿ ಬರುತ್ತಾರೆ, ಆ ಮಾತು ಬೇರೆ.

ರೋಬಾಟ್ ಬೆರಳನ್ನೂ ಬಿಡಿ ಎನ್ನುವುದು ನಿಮಗೆ ನೋವಾಗಬಹುದು. 0.15 ಮಿ.ಮೀ. ದಪ್ಪದ ಆಕ್ಚುಯೇಟರ್ ತಂತಿ ಸುಮಾರು 400 ಮಿಲಿಆಂಪಿಯರ್ ವಿದ್ಯುತ್ತಿನಲ್ಲಿ ಸುಮಾರು 320 ಗ್ರಾಂ ಎಳೆಯುತ್ತದೆ, ಆರಲು ಎರಡು ಸೆಕೆಂಡು ಸಾಕು. ಬಲ ಸಾಲದೆಂದು 0.38 ಮಿ.ಮೀ. ಹಾಕಿದರೆ ಎರಡು ಕಿಲೋ ಎಳೆಯುತ್ತದೆ, ಆದರೆ ಎರಡು ಆಂಪಿಯರಿಗೂ ಹೆಚ್ಚು ವಿದ್ಯುತ್ತು ಬೇಕು, ಆರಲು ಹತ್ತು ಸೆಕೆಂಡು ಬೇಕು. ಹಿಡಿದ ಲೋಟವನ್ನು ಬಿಡಲು ಹತ್ತು ಸೆಕೆಂಡು ತೆಗೆದುಕೊಳ್ಳುವ ಕೈಯನ್ನು ಯಾರು ಕೊಳ್ಳುತ್ತಾರೆ? ತೆಳು ತಂತಿಗಳನ್ನು ಜೊತೆಜೊತೆಗೆ ಕಟ್ಟಿ ಬಲ ಪಡೆಯಬಹುದು. ಆದರೂ ಹಾಕಿದ ವಿದ್ಯುತ್ತಿನಲ್ಲಿ ಶೇಕಡ ಕೆಲವೇ ಭಾಗ ಕೆಲಸವಾಗುತ್ತದೆ, ಉಳಿದದ್ದೆಲ್ಲ ಬರಿಯ ಕಾವು. ಮೀಟರ್ ಉದ್ದದ ತಂತಿಯಿಂದ ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚು ಎಳೆಸಲು ಹೋದರೆ ಅದು ಬೇಗ ದಣಿದು ತುಂಡಾಗುತ್ತದೆ. ಮೋಟಾರಿಗೆ ಬದಲಿ ಎಂಬ ಮಾತನ್ನು ನಿಮ್ಮ ಬರಹದಿಂದ ತೆಗೆದುಹಾಕಿ. (ತುದಿಗಳಿಗೆ ಬೆಸುಗೆ ಹಾಕಿದ್ದೀರೆಂದು ಚಿತ್ರದಲ್ಲಿ ಕಂಡಿತು. ಬೆಸುಗೆ ಆ ಲೋಹಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಅದರ ಕಾವು ಆ ಭಾಗದ ನೆನಪನ್ನೂ ಕೆಡಿಸುತ್ತದೆ. ಹಿತ್ತಾಳೆಯ ಕೊಳವೆ ಹಾಕಿ ಕ್ರಿಂಪ್ ಮಾಡಿ, ಅಂದರೆ ಒತ್ತಿ ಬಿಗಿಯಿರಿ.)

ಉಳಿಯುವುದು ಬೀಗ. ಮರಳಿ ಬರುವ ಅವಸರವಿಲ್ಲದ, ಅಥವಾ ಮರಳಿ ಬರಲೇಬಾರದ ಕೆಲಸಗಳಲ್ಲಿ ಈ ಲೋಹ ಗೆದ್ದಿದೆ. ಎಫ್-14 ಯುದ್ಧವಿಮಾನದ ಹೈಡ್ರಾಲಿಕ್ ಕೊಳವೆಗಳನ್ನು ಕೂಡಿಸಿದ ಉಂಗುರಗಳನ್ನು ದ್ರವ ಸಾರಜನಕದಲ್ಲಿ ತಂಪಾಗಿಟ್ಟು ತಂದು ತೊಡಿಸುತ್ತಿದ್ದರು. ಕೋಣೆಯ ಕಾವಿಗೆ ಅವು ಬಿಗಿದುಕೊಂಡು ಮತ್ತೆ ಸಡಿಲವಾಗುತ್ತಿರಲಿಲ್ಲ. 1994ರ ಕ್ಲೆಮೆಂಟೈನ್ ಬಾಹ್ಯಾಕಾಶ ನೌಕೆಯಲ್ಲಿ ಸೌರಫಲಕಗಳನ್ನು ಬಿಡಿಸಲು ಈ ಲೋಹದ ಕೊಳವೆ ಬಿಸಿಯಾಗಿ ಉದ್ದವಾಗಿ ಬೋಲ್ಟನ್ನೇ ಮುರಿಯುವ ಉಪಾಯವಿತ್ತು, ಸಿಡಿಮದ್ದಿನ ಅಗತ್ಯವೇ ಬೀಳಲಿಲ್ಲ. ನನ್ನ ಕೈಯಿಂದ ಕೊನೆಗೆ ನಾಲ್ಕು ಕಾಸು ತಂದದ್ದೂ ಇಂಥದ್ದೇ. ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಬಿಚ್ಚಾಣಿಕೆ ಘಟಕಗಳ ಮೋಟಾರಿನ ಬೇರಿಂಗ್ ಮಿತಿಮೀರಿ ಕಾದರೆ ಪಿನ್ನೊಂದನ್ನು ಎಳೆದು ಸ್ವಿಚ್ಚನ್ನು ಬೀಳಿಸುವ ಕೊಂಡಿ ಅದು. ಬೇರಿಂಗ್ ಸ್ವಲ್ಪ ಆರಿದ ಮಾತ್ರಕ್ಕೆ ಯಂತ್ರ ತಾನಾಗಿ ಮತ್ತೆ ಶುರುವಾಗಬಾರದು. ಪೂರ್ತಿ ತಣ್ಣಗಾದ ಮೇಲೆ ಕೆಲಸಗಾರನು ಪಿನ್ನನ್ನು ಕೈಯಿಂದ ಒತ್ತಿದಾಗ ತಂತಿ ಹಿಗ್ಗಿ ಮತ್ತೆ ಸಿದ್ಧವಾಗುತ್ತದೆ. ಹುಳುಮನೆಯಲ್ಲಿ ನನ್ನನ್ನು ಕೆಡಿಸಿದ ಆ ಹಿಸ್ಟರಿಸಿಸ್ ಅಂತರವೇ ಇಲ್ಲಿ ಸುರಕ್ಷತೆಯಾಯಿತು.

ಕೆಲಸ ಬಿಡಬೇಡಿ. ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಎಳೆದು, ಬೀಗ ಎಳೆದ ಹೊತ್ತಿನ ಎದುರಿಗೆ ಬಿಟ್ಟ ಹೊತ್ತನ್ನೂ ಬರೆಯಿರಿ. ಫ್ಯಾನ್ ಇಲ್ಲದೆ, ಐಸ್ ಇಲ್ಲದೆ, ಬೀರುವಿನ ಬಾಗಿಲು ಮುಚ್ಚಿಟ್ಟು, ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ತುಮಕೂರಿನ ಶೀಟಿನ ಶೆಡ್ಡಿನೊಳಗೆ ಅಳೆಯಿರಿ. ಬೀಗಕ್ಕೆ ನಿಜವಾದ ಭಾರ ಹಾಕಿಯೇ ಅಳೆಯಿರಿ, ಏಕೆಂದರೆ ಭಾರ ಹೆಚ್ಚಿದಂತೆ ನಾಲ್ಕು ಉಷ್ಣತೆಗಳೂ ಮೇಲೇರುತ್ತವೆ. ಕೆಲವು ಸಾವಿರ ಬಾರಿ ನಡೆದ ಮೇಲೂ ಎರಡನೆಯ ಅಂಕಣದ ಅಂಕಿಗಳು ಜರುಗದೆ ನಿಂತರೆ ಆಗ ತಾತ್ಕಾಲಿಕ ಅರ್ಜಿ ಹಾಕಿ. ಅಲ್ಲಿಯವರೆಗೆ ವೀಡಿಯೊವನ್ನು ಯಾರಿಗೂ ಕಳಿಸಬೇಡಿ. ಅರ್ಜಿಗೆ ಮುಂಚೆ ಬಹಿರಂಗವಾದದ್ದು ಹೊಸತೆನಿಸಿಕೊಳ್ಳುವುದಿಲ್ಲ, ಮತ್ತು ಇಲ್ಲಿ ನೀವು ಹಾಕಿರುವ ಬೀಗದ ಚಿತ್ರವನ್ನು ಈಗಲೇ ತೆಗೆಯುವುದು ಒಳ್ಳೆಯದು.